ಖುಷ್ಬೂ ಬಾಯಿಬಿಡಲು ನಾಲ್ಕೂವರೆ ದಶಕ ಏಕೆ ಬೇಕಾಯಿತು?

2023ರ ಮಾರ್ಚ್‌ನಲ್ಲಿ ಪತ್ರಕರ್ತೆ ಬರ್ಖಾ ದತ್ ನಡೆಸಿಕೊಟ್ಟ ಸಾರ್ವಜನಿಕ ಸಂವಾದವೊಂದರಲ್ಲಿ ನಟಿ ಖುಷ್ಬೂ ಸುಂದರ್ ತಮ್ಮ ಬಾಲ್ಯದ ಬಗ್ಗೆ ಮಾತನಾಡಿದರು. ಎಂಟನೇ ವಯಸ್ಸಿನಿಂದ ತಂದೆಯೇ ತಮ್ಮ ಮೇಲೆ ಲೈಂಗಿಕ ದೌರ್ಜನ್ಯ ನಡೆಸುತ್ತಿದ್ದರು, ಹೆಂಡತಿ ಮಕ್ಕಳನ್ನು ಹೊಡೆಯುವುದು ತಮ್ಮ ಹಕ್ಕೆಂದೇ ಅವರು ಭಾವಿಸಿದ್ದರು ಎಂದರು. ತಿರುಗಿ ನಿಲ್ಲುವ ಧೈರ್ಯ ಬಂದದ್ದು ಹದಿನೈದರಲ್ಲಿ. ಹದಿನಾರು ತುಂಬುವ ಮೊದಲೇ ತಂದೆ ಮನೆಯವರನ್ನೆಲ್ಲ ಬಿಟ್ಟು ಹೋದರು, ಮುಂದಿನ ಹೊತ್ತಿನ ಊಟ ಎಲ್ಲಿಂದ ಬರುತ್ತದೆ ಎಂಬುದೂ ಆಗ ಗೊತ್ತಿರಲಿಲ್ಲ. ಇಷ್ಟನ್ನು ಹೇಳುವಾಗ ಖುಷ್ಬೂ ಅವರಿಗೆ 52 ವರ್ಷ. ರಾಷ್ಟ್ರೀಯ ಮಹಿಳಾ ಆಯೋಗದ ಸದಸ್ಯೆಯಾಗಿ ನೇಮಕಗೊಂಡು ಹೆಚ್ಚು ದಿನಗಳಾಗಿರಲಿಲ್ಲ.

ಅದರ ಬೆನ್ನಿಗೇ ಕೇಳಿಬಂದ ಪ್ರಶ್ನೆ ನಮಗೆಲ್ಲ ಚಿರಪರಿಚಿತ: ಇಷ್ಟು ವರ್ಷ ಸುಮ್ಮನಿದ್ದು ಈಗೇಕೆ? ಪ್ರಚಾರಕ್ಕೆ ಎಂದರು ಕೆಲವರು, ರಾಜಕೀಯಕ್ಕೆ ಎಂದರು ಇನ್ನು ಕೆಲವರು. ಸತ್ತವರ ಮೇಲೆ ಕೆಸರೆರಚಬಾರದು, ಮನೆಯ ಮಾತು ಮನೆಯಲ್ಲೇ ಇರಬೇಕು ಎಂದು ಬುದ್ಧಿ ಹೇಳುವವರಿಗೂ ನಮ್ಮಲ್ಲಿ ಎಂದೂ ಕೊರತೆಯಿಲ್ಲ. ಈ ಪ್ರಶ್ನೆಯಲ್ಲಿ ಅನುಮಾನವೇ ಹೆಚ್ಚು, ನಿಜ. ಆದರೂ ಅದನ್ನು ಪ್ರಾಮಾಣಿಕವಾಗಿಯೇ ಎತ್ತಿಕೊಂಡು ಅವರ ಬದುಕಿನ ಸಾರ್ವಜನಿಕ ದಾಖಲೆಯೊಳಗೆ ಉತ್ತರ ಹುಡುಕಿದರೆ ಸಿಗುವುದು ಒಬ್ಬ ನಟಿಯ ಕಥೆಯಷ್ಟೇ ಆಗಿರುವುದಿಲ್ಲ. ಹೆಣ್ಣುಮಗಳೊಬ್ಬಳು ಮಾತನಾಡಿದರೆ ಏನಾಗುತ್ತದೆ ಎಂಬುದನ್ನು ಈ ದೇಶ ಆಕೆಗೆ ಹಂತ ಹಂತವಾಗಿ ಕಲಿಸಿದ ಕಥೆಯೂ ಅಲ್ಲಿದೆ.

ಮುಂಬೈಯಲ್ಲಿ 1970ರ ಸೆಪ್ಟೆಂಬರ್‌ನಲ್ಲಿ ಹುಟ್ಟಿದ ನಖತ್ ಖಾನ್ ಎಂಬ ಹುಡುಗಿ ಖುಷ್ಬೂ ಎಂಬ ಹೆಸರಿನಲ್ಲಿ ಹಿಂದಿ ಚಿತ್ರಗಳ ಬಾಲನಟಿಯಾದಳು. 1980ರಲ್ಲಿ ತೆರೆಕಂಡ ‘ದಿ ಬರ್ನಿಂಗ್ ಟ್ರೇನ್’ನಲ್ಲಿ, ಹೊತ್ತಿ ಉರಿಯುತ್ತಿರುವ ರೈಲಿನೊಳಗೆ ಶಾಲಾ ಮಕ್ಕಳು ಕೈಮುಗಿದು ದೇವರನ್ನು ಪ್ರಾರ್ಥಿಸುವ ಹಾಡೊಂದಿದೆ. ಆ ಮಕ್ಕಳ ನಡುವೆ ಆಕೆಯೂ ಇದ್ದಾಳೆ. ಮುಂದೆ ‘ನಸೀಬ್’, ‘ಲಾವಾರಿಸ್’, ‘ಕಾಲಿಯಾ’, ‘ದರ್ದ್ ಕಾ ರಿಷ್ತಾ’ ಬಂದವು. ಎಂಟನೇ ವಯಸ್ಸಿನಿಂದ ಎಂದು ಅವರು ಹೇಳಿದ್ದನ್ನು ಈ ಚಿತ್ರಗಳ ಪಕ್ಕದಲ್ಲಿಟ್ಟು ನೋಡಿ. ನಾವು ಪರದೆಯ ಮೇಲೆ ಮುದ್ದು ಮಗುವನ್ನು ಕಂಡ ವರ್ಷಗಳೂ ಮನೆಯೊಳಗೆ ಆ ಮಗು ನರಳುತ್ತಿದ್ದ ವರ್ಷಗಳೂ ಬೇರೆಬೇರೆಯಲ್ಲ. ಬೆಳಗ್ಗೆ ದೀಪಗಳ ಮುಂದೆ ನಿಂತು ಹೇಳಿಕೊಟ್ಟ ಮಾತನ್ನು ಒಪ್ಪಿಸಬೇಕು, ಮನೆಗೆ ಹೋದ ಮೇಲೆ ಯಾರ ಮುಂದೆಯೂ ಹೇಳಲಾಗದ್ದನ್ನು ನುಂಗಿಕೊಳ್ಳಬೇಕು.

ತಾಯಿಗೆ ಏಕೆ ಹೇಳಲಿಲ್ಲ? ತಾಯಿ ನಂಬಲಾರರೇನೋ ಎಂಬ ಭಯವಿತ್ತು ಎಂದು ಖುಷ್ಬೂ ಅದೇ ಸಂವಾದದಲ್ಲಿ ಹೇಳಿದ್ದಾರೆ. ಏನೇ ಆದರೂ ಗಂಡನೇ ದೇವರು ಎಂದು ನಂಬಿ ಬದುಕಿದ ಹೆಣ್ಣುಮಗಳು ಆಕೆ. ಸ್ವತಃ ಏಟು ತಿನ್ನುತ್ತಿದ್ದವರು. ಈ ವಿವರ ನನ್ನನ್ನು ಬಹಳ ಕಾಡಿದೆ. ದೌರ್ಜನ್ಯಕ್ಕೆ ಸಿಕ್ಕ ಮಗುವಿಗೆ ಇಡೀ ಲೋಕದಲ್ಲಿ ಇದ್ದ ಒಂದೇ ಒಂದು ನ್ಯಾಯಾಲಯ ತಾಯಿಯದು, ಆ ಬಾಗಿಲೂ ತೆರೆಯಲಾರದೆಂದು ಎಂಟು ವರ್ಷಕ್ಕೇ ಅದಕ್ಕೆ ಅನ್ನಿಸಿತ್ತು.

ಇದು ಒಂದು ಮನೆಯ ದುರಂತವೆಂದು ಪಕ್ಕಕ್ಕಿಡುವ ಹಾಗಿಲ್ಲ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿತ್ತು. ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದೇವೆ ಎಂದ ಮಕ್ಕಳ ಪ್ರಮಾಣ ಶೇ 53.22. ಹಾಗೆ ನಡೆದುಕೊಂಡವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು, ನಂಬಿಕೆಯ ಸ್ಥಾನದಲ್ಲಿದ್ದವರು. ಬಹುಪಾಲು ಮಕ್ಕಳು ಯಾರಿಗೂ ಹೇಳಿರಲಿಲ್ಲ. ಚಿತ್ರರಂಗದ ಮಕ್ಕಳ ವಿಷಯದಲ್ಲಿ ಈ ಮೌನ ಇನ್ನೂ ದಪ್ಪ. 1950ರ ದಶಕದ ಹೆಸರಾಂತ ಬಾಲನಟಿ ಡೇಸಿ ಇರಾನಿ 2018ರಲ್ಲಿ ಬಾಯಿಬಿಟ್ಟರು: ಆರು ವರ್ಷದವಳಿದ್ದಾಗ ಹೊರ ಊರಿನ ಚಿತ್ರೀಕರಣದಲ್ಲಿ, ನೋಡಿಕೊಳ್ಳಲೆಂದು ಜೊತೆಗೆ ಕಳುಹಿಸಿದ್ದ ವ್ಯಕ್ತಿಯೇ ಅತ್ಯಾಚಾರ ಎಸಗಿದ್ದ. ಅವರ ಮಾತು ಹೊರಬರಲು ಹಿಡಿದದ್ದು ಸುಮಾರು ಅರವತ್ತು ವರ್ಷ. ಖುಷ್ಬೂ ಮಾತನಾಡಿದ ತಿಂಗಳಲ್ಲೇ ದೆಹಲಿ ಮಹಿಳಾ ಆಯೋಗದ ಅಂದಿನ ಅಧ್ಯಕ್ಷೆ ಸ್ವಾತಿ ಮಾಲಿವಾಲ್ ಕೂಡ ಬಾಲ್ಯದಲ್ಲಿ ತಂದೆಯಿಂದ ಅನುಭವಿಸಿದ್ದನ್ನು ಹೇಳಿಕೊಂಡರು. ಹೆಣ್ಣುಮಕ್ಕಳ ರಕ್ಷಣೆಯ ಹುದ್ದೆಯಲ್ಲಿ ಕೂತ ಇಬ್ಬರಿಗೂ ನಡುವಯಸ್ಸಿನ ಹೊತ್ತಿಗೆ, ಅಧಿಕಾರವೊಂದು ಬೆನ್ನಿಗೆ ಬಂದ ಮೇಲೆ ಇದನ್ನು ಬಹಿರಂಗವಾಗಿ ಹೇಳಲು ಸಾಧ್ಯವಾಯಿತು ಎಂಬುದನ್ನು ಗಮನಿಸಬೇಕು.

ತಂದೆ ಬಿಟ್ಟು ಹೋದ ಆ ಹೊತ್ತಿಗೇ ಖುಷ್ಬೂ ದಕ್ಷಿಣಕ್ಕೆ ಬಂದರು. ವೆಂಕಟೇಶ್ ನಾಯಕನಾಗಿ ಪರಿಚಯವಾದ ತೆಲುಗಿನ ‘ಕಲಿಯುಗ ಪಾಂಡವುಲು’ ತೆರೆಕಂಡಿದ್ದು 1986ರ ಆಗಸ್ಟ್‌ನಲ್ಲಿ. ಅದರ ನಾಯಕಿಗೆ ಇನ್ನೂ ಹದಿನಾರು ತುಂಬಿರಲಿಲ್ಲ. 1988ರಲ್ಲಿ ರವಿಚಂದ್ರನ್ ಅವರ ‘ರಣಧೀರ’ ಬಂದಾಗ, ಹಂಸಲೇಖ ಅವರ ಹಾಡುಗಳೊಂದಿಗೆ ಖುಷ್ಬೂ ಹೆಸರೂ ಕರ್ನಾಟಕದ ಮನೆಮನೆ ತಲುಪಿತು. ‘ಅಂಜದ ಗಂಡು’, ‘ಯುಗಪುರುಷ’ ಹಿಂಬಾಲಿಸಿದವು. ಆ ಪೋಸ್ಟರ್‌ಗಳಲ್ಲಿ ನಗುತ್ತಿದ್ದ ನಾಯಕಿ ಹದಿಹರೆಯ ದಾಟಿರದ, ಮನೆಯ ಖರ್ಚು ಹೊತ್ತ ಹುಡುಗಿ ಎಂಬುದು ನೋಡುವವರಿಗೆ ಹೊಳೆಯುವ ಮಾತೇ ಆಗಿರಲಿಲ್ಲ.

ತಮಿಳಿನಲ್ಲಿ ಅವರು ಏರಿದ ಎತ್ತರವೇ ಬೇರೆ. ‘ವರುಷಂ ಪದಿನಾರು’ ಹೆಸರು ತಂದಿತು, 1991ರ ‘ಚಿನ್ನ ತಂಬಿ’ ಅವರನ್ನು ಆರಾಧ್ಯ ದೈವವನ್ನಾಗಿಸಿತು. ನಮ್ಮಲ್ಲಿ ರವಿಚಂದ್ರನ್ ಮತ್ತು ಮಾಲಾಶ್ರೀ ಅಭಿನಯದ ‘ರಾಮಾಚಾರಿ’ಯಾಗಿ ಬಂದದ್ದು ಅದೇ ಕಥೆ. ಪರಪುರುಷನ ಕಣ್ಣಿಗೇ ಬೀಳಬಾರದೆಂದು ಮನೆಯವರ ಸರ್ಪಗಾವಲಿನಲ್ಲಿ ಬೆಳೆಯುವ ಹೆಣ್ಣು, ಆಕೆಯನ್ನು ಕಾಯುವ ಭಾರ ಹೊತ್ತ ಮುಗ್ಧ. ತಿರುಚಿರಾಪಳ್ಳಿಯಲ್ಲಿ ಅಭಿಮಾನಿಗಳು ಖುಷ್ಬೂಗೆ ಗುಡಿಯನ್ನೇ ಕಟ್ಟಿದರು. ಈ ಗುಡಿಯ ವಿಷಯ ಇಂದಿಗೂ ರಂಜನೆಯ ಸುದ್ದಿಯಾಗಿ ಮರುಕಳಿಸುತ್ತಿರುತ್ತದೆ. ನನಗೆ ಅದು ರಂಜನೆಯಾಗಿ ಕಾಣುವುದಿಲ್ಲ. ಗುಡಿಯಲ್ಲಿಟ್ಟ ಮೂರ್ತಿ ಮಾತನಾಡುವುದಿಲ್ಲ. ಮಾತನಾಡದಿರುವವರೆಗೆ ಪೂಜೆ ನಡೆಯುತ್ತದೆ. ಮಾತನಾಡಿದರೆ ಏನಾಗುತ್ತದೆ ಎಂಬುದು 2005ರಲ್ಲಿ ಗೊತ್ತಾಯಿತು.

ಆ ವರ್ಷ ‘ಇಂಡಿಯಾ ಟುಡೇ’ ಪತ್ರಿಕೆ ಮಹಾನಗರಗಳ ಜನರ ಲೈಂಗಿಕ ನಡವಳಿಕೆ ಕುರಿತು ಸಮೀಕ್ಷೆ ನಡೆಸಿ ಹಲವರ ಅಭಿಪ್ರಾಯ ಕೇಳಿತ್ತು. ಖುಷ್ಬೂ ಹೇಳಿದ ಮಾತಿನ ಸಾರ ಇಷ್ಟು: ದೊಡ್ಡ ನಗರಗಳಲ್ಲಿ ವಿವಾಹಪೂರ್ವ ಸಂಬಂಧಗಳು ಹೆಚ್ಚುತ್ತಿವೆ, ಅಂಥ ಸಂಬಂಧದಲ್ಲಿರುವ ಹುಡುಗಿಯರು ಗರ್ಭ ಧರಿಸದಂತೆ, ಲೈಂಗಿಕ ರೋಗ ತಗುಲದಂತೆ ಎಚ್ಚರ ವಹಿಸಬೇಕು, ಓದಿದ ಗಂಡಸು ತನ್ನ ಹೆಂಡತಿಯಾಗುವವಳು ಕನ್ಯೆಯೇ ಆಗಿರಬೇಕೆಂದು ಬಯಸಬಾರದು. ಒಬ್ಬ ವೈದ್ಯೆ ಹೇಳಿದ್ದರೆ ಆರೋಗ್ಯ ಅಂಕಣದಲ್ಲಿ ಅಚ್ಚಾಗಿ ಮರೆತುಹೋಗುತ್ತಿದ್ದ ಮಾತುಗಳಿವು.

ಇದು ತಮಿಳು ಹೆಣ್ಣುಮಕ್ಕಳ ಶೀಲಕ್ಕೆ ಮಾಡಿದ ಅವಮಾನ ಎಂಬ ಕೂಗೆದ್ದಿತು. ಪಿಎಂಕೆ ಮತ್ತು ವಿಡುದಲೈ ಚಿರುತ್ತೈಗಳ್ ಪಕ್ಷಗಳ ಕಾರ್ಯಕರ್ತರು ಬೀದಿಗಿಳಿದರು. ಪೊರಕೆ, ಚಪ್ಪಲಿ ಹಿಡಿದು ಮೆರವಣಿಗೆಗಳು ನಡೆದವು. ಖುಷ್ಬೂ ಕ್ಷಮೆ ಕೇಳಿದರೂ ಕೋಪ ಇಳಿಯಲಿಲ್ಲ. ಬೆಂಬಲಕ್ಕೆ ನಿಂತ ನಟಿ ಸುಹಾಸಿನಿ ಅವರ ಮೇಲೂ ಅದೇ ಕೋಪ ತಿರುಗಿತು. ಒಂದರ ಹಿಂದೆ ಒಂದರಂತೆ 23 ಕ್ರಿಮಿನಲ್ ದೂರುಗಳು ದಾಖಲಾದವು, ಹೆಚ್ಚಿನವು ತಮಿಳುನಾಡಿನ ಬೇರೆಬೇರೆ ಊರುಗಳ ನ್ಯಾಯಾಲಯಗಳಲ್ಲಿ. ಆ ನವೆಂಬರ್‌ನಲ್ಲಿ ಮೆಟ್ಟೂರಿನ ನ್ಯಾಯಾಲಯಕ್ಕೆ ಹಾಜರಾಗಲು ಬಂದಾಗ ಅವರತ್ತ ಮೊಟ್ಟೆ, ಟೊಮೆಟೊಗಳು ತೂರಿಬಂದವು.

ಈ ದೂರುಗಳ ಸ್ವರೂಪವನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಇವತ್ತಿಗೂ ಮಾತನಾಡುವ ಹೆಣ್ಣುಮಕ್ಕಳನ್ನು ಹಣಿಯುವ ವಿಧಾನ ಇದೇ. ಶಿಕ್ಷೆಯಾಗುವುದು ಬೇಕಿಲ್ಲ. ಒಬ್ಬೊಬ್ಬರು ಒಂದೊಂದು ಊರಿನಲ್ಲಿ ದೂರು ಕೊಟ್ಟರೆ ಸಾಕು, ಆರೋಪಿ ಊರೂರು ಅಲೆಯಬೇಕು, ವಕೀಲರನ್ನು ಹಿಡಿಯಬೇಕು, ಸಮನ್ಸ್ ತಪ್ಪಿದರೆ ವಾರಂಟ್‌ಗೆ ಹೆದರಬೇಕು. ವಿಚಾರಣೆಯೇ ದಂಡನೆಯಾಗುತ್ತದೆ. 2008ರ ಏಪ್ರಿಲ್‌ನಲ್ಲಿ ಮದ್ರಾಸ್ ಹೈಕೋರ್ಟ್ ದೂರುಗಳನ್ನು ರದ್ದುಪಡಿಸಲು ಒಪ್ಪಲಿಲ್ಲ. ಕೊನೆಗೆ 2010ರ ಏಪ್ರಿಲ್ 28ರಂದು ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ನೇತೃತ್ವದ ಸುಪ್ರೀಂ ಕೋರ್ಟ್ ಪೀಠ ಎಲ್ಲವನ್ನೂ ರದ್ದುಮಾಡಿತು.

ಆ ತೀರ್ಪು ಹೇಳಿದ್ದು ಸಣ್ಣ ಸಂಗತಿಯಲ್ಲ. ಮಾನನಷ್ಟದ ದೂರು ಕೊಡಬೇಕಾದವರು ನೇರವಾಗಿ ನೊಂದವರು. ಇಲ್ಲಿ ಯಾವ ವ್ಯಕ್ತಿಯನ್ನೂ, ಗುರುತಿಸಬಹುದಾದ ಯಾವ ಗುಂಪನ್ನೂ ಖುಷ್ಬೂ ಹೆಸರಿಸಿಯೇ ಇರಲಿಲ್ಲ. ವಯಸ್ಕರಿಬ್ಬರು ತಮ್ಮಿಚ್ಛೆಯಿಂದ ಕೂಡಿ ಬಾಳುವುದು ಅಪರಾಧವಲ್ಲ. ಸಮಾಜದ ಒಂದು ವರ್ಗಕ್ಕೆ ಅನೈತಿಕ ಅನ್ನಿಸಿದ್ದೆಲ್ಲ ಕ್ರಿಮಿನಲ್ ಅಪರಾಧವಾಗುವುದಿಲ್ಲ. ಒಪ್ಪದ ಅಭಿಪ್ರಾಯಕ್ಕೆ ಉತ್ತರ ಕೊಡಬೇಕಾದದ್ದು ಚರ್ಚೆಯಲ್ಲಿ. ಮುಂದೆ ಸಹಜೀವನ ನಡೆಸುವ ಜೋಡಿಗಳ ಪ್ರಕರಣಗಳಲ್ಲಿ ದೇಶದ ಹಲವು ನ್ಯಾಯಾಲಯಗಳು ಈ ತೀರ್ಪನ್ನು ಉಲ್ಲೇಖಿಸಿವೆ. ಖುಷ್ಬೂ ಅವರ ಎಲ್ಲ ಚಿತ್ರಗಳಿಗಿಂತ, ಅಲಂಕರಿಸಿದ ಎಲ್ಲ ಹುದ್ದೆಗಳಿಗಿಂತ, ಹೆಣ್ಣುಮಕ್ಕಳ ಹಕ್ಕಿನ ಹೋರಾಟಕ್ಕೆ ಅವರಿಂದ ಸಂದ ದೊಡ್ಡ ಕೊಡುಗೆ ಇದೇ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಅವರು ತೆತ್ತದ್ದು ನಾಲ್ಕೂವರೆ ವರ್ಷ.

ಈಗ ‘ಈಗೇಕೆ’ ಎಂಬ ಪ್ರಶ್ನೆಗೆ ಬರೋಣ. ಮುನ್ನೆಚ್ಚರಿಕೆ ವಹಿಸಿ ಎಂಬಷ್ಟು ಮಾತಿಗೆ 23 ದೂರುಗಳನ್ನು ಎದುರಿಸಿದ ಹೆಣ್ಣುಮಗಳು, ನನ್ನ ತಂದೆಯೇ ನನ್ನನ್ನು ಹಾಳುಮಾಡಿದರು ಎಂದು 2005ರಲ್ಲೋ 2006ರಲ್ಲೋ ಹೇಳಿದ್ದರೆ ಏನಾಗುತ್ತಿತ್ತು? ಅದಕ್ಕೂ ಮೊದಲು, 1980ರ ದಶಕದಲ್ಲಿ, ಅವಕಾಶಕ್ಕಾಗಿ ಕಾಯುತ್ತಿದ್ದ ಹದಿನಾರರ ಹುಡುಗಿ ಹೇಳಿದ್ದರೆ?

ಕಾನೂನಾದರೂ ಕೈಹಿಡಿಯುತ್ತಿತ್ತೇ ಎಂದರೆ ಅದೂ ಇಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗೆಂದೇ ರೂಪಿಸಿದ ಪೋಕ್ಸೊ ಕಾಯ್ದೆ ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು, ಅದಕ್ಕಿಂತ ಹಿಂದೆ ನಡೆದದ್ದಕ್ಕೆ ಅದು ಅನ್ವಯಿಸುವುದಿಲ್ಲ. ಆ ಕಾಲದ ಭಾರತೀಯ ದಂಡ ಸಂಹಿತೆಯಲ್ಲಿ ಅತ್ಯಾಚಾರದ ವ್ಯಾಖ್ಯೆಗೆ ಒಳಪಡದ ಹೆಚ್ಚಿನ ದೌರ್ಜನ್ಯಗಳು 354ನೇ ಕಲಮಿಗೆ ಬರುತ್ತಿದ್ದವು. ಗರಿಷ್ಠ ಶಿಕ್ಷೆ ಎರಡು ವರ್ಷ. ಮೂರು ವರ್ಷದವರೆಗಿನ ಶಿಕ್ಷೆಯ ಅಪರಾಧಗಳ ದೂರಿಗೆ ಕಾಲಮಿತಿ ಮೂರೇ ವರ್ಷ. ಎಂಟು ವರ್ಷದ ಮಗು ಹನ್ನೊಂದು ತುಂಬುವುದರೊಳಗೆ, ತನ್ನನ್ನು ಸಾಕುತ್ತಿರುವ ಮನುಷ್ಯನ ವಿರುದ್ಧ ಠಾಣೆಗೆ ಹೋಗಬೇಕಿತ್ತು. ಕಾನೂನು ಆಕೆಗೆ ಕೊಟ್ಟಿದ್ದ ಅವಕಾಶ ಅಷ್ಟು. ಪೋಕ್ಸೊ ಪ್ರಕರಣಗಳಲ್ಲಿ ದೂರಿಗೆ ಕಾಲಮಿತಿಯ ತೊಡಕಿಲ್ಲ ಎಂಬುದನ್ನು ಕೇಂದ್ರ ಸರ್ಕಾರ 2018ರಲ್ಲಿ ಸ್ಪಷ್ಟಪಡಿಸಿದೆ. ಆ ಸ್ಪಷ್ಟನೆ ಬಂದಾಗ ಖುಷ್ಬೂ ಐವತ್ತರ ಹತ್ತಿರ ಇದ್ದರು. ಹಾಗಾಗಿ ತಡಮಾಡಿದ್ದು ಅವರು ಎನ್ನುವವರು, ಕಾನೂನೂ ಸಮಾಜವೂ ಮಾಡಿದ ತಡವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ನಾಚಿಕೆಪಡಬೇಕಾದವರು ದೌರ್ಜನ್ಯ ಎಸಗಿದವರೇ ಹೊರತು ತಾನಲ್ಲ ಎಂದು ಆಕೆ ಬಹಿರಂಗ ಹೇಳಿಕೆಯ ನಂತರ ಹೇಳಿದ ಮಾತು ಸರಳವಾಗಿ ಕಾಣಬಹುದು. ಆ ಮಾತಿಗೆ ಬಂದು ತಲುಪಿದ ದಾರಿ ಇದು.

ಇಷ್ಟು ಹೇಳಿದ ಮೇಲೆ, ಅವರ ಸಾರ್ವಜನಿಕ ಬದುಕಿನ ಇನ್ನೊಂದು ಮುಖವನ್ನು ಮುಚ್ಚಿಡುವುದು ಸರಿಯಲ್ಲ. 2010ರಲ್ಲಿ ಡಿಎಂಕೆ, 2014ರಲ್ಲಿ ಕಾಂಗ್ರೆಸ್, 2020ರಲ್ಲಿ ಬಿಜೆಪಿ. ಪಕ್ಷದಿಂದ ಪಕ್ಷಕ್ಕೆ ಅವರ ಪಯಣ ಸಾಗಿತು. 2021ರ ವಿಧಾನಸಭಾ ಚುನಾವಣೆಯಲ್ಲಿ ಚೆನ್ನೈನ ಥೌಸಂಡ್ ಲೈಟ್ಸ್ ಕ್ಷೇತ್ರದಲ್ಲಿ ಸೋತರು. ಡಿಎಂಕೆಯಲ್ಲಿದ್ದಾಗ, ಮುಂದಿನ ನಾಯಕ ಸ್ಟಾಲಿನ್ ಅವರೇ ಆಗಬೇಕೆಂದೇನಿಲ್ಲ ಎಂಬರ್ಥದ ಮಾತಾಡಿದ್ದಕ್ಕೆ 2013ರಲ್ಲಿ ಅವರ ಮನೆಗೆ ಕಲ್ಲು ಬಿತ್ತು. ಬಿಜೆಪಿಗೆ ಬಂದ ಮೇಲೆ, 2023ರಲ್ಲಿ, ಡಿಎಂಕೆ ವಕ್ತಾರರೊಬ್ಬರು ಅವರ ಬಗ್ಗೆ ಅಸಭ್ಯವಾಗಿ ಮಾತನಾಡಿ ಪಕ್ಷದಿಂದ ಉಚ್ಚಾಟಿತರಾದರು, ಬಂಧನಕ್ಕೂ ಒಳಗಾದರು. ಯಾವ ಪಕ್ಷದಲ್ಲಿದ್ದರೂ ಎದುರಾಳಿಯ ಬತ್ತಳಿಕೆಯಲ್ಲಿ ಮೊದಲು ಸಿಗುವ ಬಾಣ ಆಕೆ ಹೆಣ್ಣು ಎಂಬುದೇ ಆಗಿತ್ತು.

ಆಯೋಗದ ಸದಸ್ಯತ್ವದ ಅವಧಿಯಲ್ಲಿ ಈ ಪಕ್ಷನಿಷ್ಠೆಯೇ ತೊಡಕಾಯಿತು. ರಾಷ್ಟ್ರೀಯ ಮಹಿಳಾ ಆಯೋಗ 1990ರ ಕಾಯ್ದೆಯಡಿ 1992ರಲ್ಲಿ ಹುಟ್ಟಿದ ಸಂಸ್ಥೆ. ಅಧ್ಯಕ್ಷೆ, ಐವರು ಸದಸ್ಯರು, ಒಬ್ಬ ಸದಸ್ಯ ಕಾರ್ಯದರ್ಶಿ. ಎಲ್ಲರನ್ನೂ ನಾಮನಿರ್ದೇಶನ ಮಾಡುವುದು ಕೇಂದ್ರ ಸರ್ಕಾರ. ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ಸಿವಿಲ್ ನ್ಯಾಯಾಲಯದ ಅಧಿಕಾರ ಅದಕ್ಕಿದೆ, ಶಿಕ್ಷಿಸುವ ಅಧಿಕಾರವಿಲ್ಲ. ಶಿಫಾರಸು ಮಾಡಬಹುದು, ಪೊಲೀಸರಿಗೆ ಬರೆಯಬಹುದು. ಬರೆದ ಪತ್ರಕ್ಕೆ ಉತ್ತರ ಬಾರದಿದ್ದರೆ ಮತ್ತೆ ಬರೆಯಬಹುದು. ಮಣಿಪುರದಲ್ಲಿ 2023ರ ಮೇ 4ರಂದು ಹೆಣ್ಣುಮಕ್ಕಳನ್ನು ಬೆತ್ತಲೆಯಾಗಿ ಮೆರವಣಿಗೆ ಮಾಡಿದ ಘಟನೆಯ ದೂರು ಜೂನ್‌ನಲ್ಲೇ ಆಯೋಗಕ್ಕೆ ತಲುಪಿತ್ತು. ರಾಜ್ಯದ ಅಧಿಕಾರಿಗಳಿಗೆ ಬರೆದೆವು, ಉತ್ತರ ಬರಲಿಲ್ಲ ಎಂಬುದು ಆಯೋಗದ ಸಮರ್ಥನೆ. ದೇಶ ಬೆಚ್ಚಿದ್ದು ಜುಲೈ 19ರಂದು ವಿಡಿಯೊ ಹೊರಬಿದ್ದ ಮೇಲೆ. ಸರ್ಕಾರವೇ ನೇಮಿಸಿದ, ಆಡಳಿತ ಪಕ್ಷದವರೇ ಕೂತ ಆಯೋಗ, ಅದೇ ಪಕ್ಷದ ರಾಜ್ಯ ಸರ್ಕಾರವನ್ನು ಎಷ್ಟರಮಟ್ಟಿಗೆ ಪ್ರಶ್ನಿಸೀತು? ಖುಷ್ಬೂ ಒಬ್ಬರ ತಲೆಗೆ ಇದನ್ನು ಕಟ್ಟುವುದು ಅನ್ಯಾಯ. ಆದರೆ ಆ ಕುರ್ಚಿಯಲ್ಲಿ ಅವರೂ ಇದ್ದರು.

ಅದೇ ವರ್ಷದ ನವೆಂಬರ್ ಅವರ ಬಲವನ್ನೂ ದೌರ್ಬಲ್ಯವನ್ನೂ ಒಟ್ಟಿಗೇ ತೋರಿಸಿತು. ನಟ ಮನ್ಸೂರ್ ಅಲಿ ಖಾನ್ ಸಹನಟಿ ತ್ರಿಷಾ ಬಗ್ಗೆ, ಜೊತೆಗೆ ಖುಷ್ಬೂ ಮತ್ತು ರೋಜಾ ಹೆಸರನ್ನೂ ಎಳೆದು, ಅತ್ಯಾಚಾರದ ದೃಶ್ಯಗಳ ಕುರಿತು ಹೀನಾಯವಾಗಿ ಮಾತನಾಡಿದಾಗ ಆಯೋಗ ಸ್ವಯಂಪ್ರೇರಿತವಾಗಿ ಕ್ರಮಕ್ಕೆ ಸೂಚಿಸಿತು, ಎಫ್‌ಐಆರ್ ದಾಖಲಾಯಿತು, ನಟ ಕ್ಷಮೆ ಕೇಳಿದರು. ನಂತರ ಖಾನ್ ಉಲ್ಟಾ ಮಾನನಷ್ಟ ಮೊಕದ್ದಮೆ ಹೂಡಲು ಹೋದಾಗ ಮದ್ರಾಸ್ ಹೈಕೋರ್ಟ್ ಒಂದು ಲಕ್ಷ ರೂಪಾಯಿ ದಂಡ ಹಾಕಿ ಅರ್ಜಿ ವಜಾಗೊಳಿಸಿತು. 2005ರಲ್ಲಿ ಖುಷ್ಬೂ ಬೆನ್ನಿಗೆ ಇಂಥ ಯಾವ ವ್ಯವಸ್ಥೆಯೂ ನಿಂತಿರಲಿಲ್ಲ. ಆದರೆ ಈ ವಿವಾದದ ನಡುವೆಯೇ ಜಾಲತಾಣದಲ್ಲಿ ಟೀಕಾಕಾರರೊಬ್ಬರಿಗೆ ಉತ್ತರಿಸುತ್ತ, ನಿಮ್ಮ ‘ಚೇರಿ’ ಭಾಷೆಯಲ್ಲಿ ಮಾತನಾಡಲು ನನಗೆ ಬಾರದು ಎಂದು ಬರೆದರು. ತಮಿಳುನಾಡಿನಲ್ಲಿ ಚೇರಿ ಎಂದರೆ ದಲಿತರ ಕೇರಿ. ಪ್ರತಿಭಟನೆ ಎದ್ದಾಗ, ಫ್ರೆಂಚ್ ಭಾಷೆಯಲ್ಲಿ ಆ ಪದಕ್ಕೆ ಪ್ರೀತಿಪಾತ್ರ ಎಂಬರ್ಥವಿದೆ ಎಂದು ಸಮರ್ಥಿಸಿಕೊಂಡರು. ಆ ಸಮರ್ಥನೆ ಒಪ್ಪುವಂಥದ್ದಲ್ಲ. ಹೆಣ್ಣಿನ ಘನತೆಗಾಗಿ ದನಿ ಎತ್ತುವ ಹೊತ್ತಿನಲ್ಲೇ, ಕೇರಿಯಲ್ಲಿ ಹುಟ್ಟಿದ ಹೆಣ್ಣುಮಕ್ಕಳೂ ಸೇರಿದಂತೆ ಒಂದಿಡೀ ಸಮುದಾಯದ ಮಾತನ್ನು ಬೈಗುಳದ ಅಳತೆಗೋಲಾಗಿ ಬಳಸಿದ್ದು ತಪ್ಪು. ಬಾಲ್ಯದ ನೋವಾಗಲಿ ಸುಪ್ರೀಂ ಕೋರ್ಟಿನ ಗೆಲುವಾಗಲಿ ಆ ತಪ್ಪನ್ನು ಚಿಕ್ಕದು ಮಾಡುವುದಿಲ್ಲ. ಹಾಗೆಯೇ ಆ ತಪ್ಪನ್ನು ಮುಂದಿಟ್ಟುಕೊಂಡು ಎಂಟರ ಹರೆಯದ ಮಗುವಿನ ಮಾತನ್ನು ಅನುಮಾನಿಸುವುದೂ ಸಲ್ಲದು. ದೌರ್ಜನ್ಯಕ್ಕೆ ಒಳಗಾದವರು ನಂಬಿಕೆಗೆ ಅರ್ಹರಾಗಲು ನಿಷ್ಕಳಂಕರಾಗಿರಬೇಕು ಎಂಬ ಷರತ್ತನ್ನು ನಾವು ಮಾತ್ರವೇ ಹಾಕುತ್ತಿದ್ದೇವೆ, ಯಾವ ಕಾನೂನೂ ಹಾಕಿಲ್ಲ.

2024ರ ಆಗಸ್ಟ್‌ನಲ್ಲಿ ಅವರು ಆಯೋಗದಿಂದ ಹೊರಬಂದರು. ಅದೇ ತಿಂಗಳ 19ರಂದು ಮಲಯಾಳಂ ಚಿತ್ರರಂಗದ ಹೆಣ್ಣುಮಕ್ಕಳು ಎದುರಿಸುವ ಸಮಸ್ಯೆಗಳನ್ನು ಕುರಿತ ನ್ಯಾಯಮೂರ್ತಿ ಹೇಮಾ ಸಮಿತಿಯ ವರದಿ, 2019ರ ಕೊನೆಯಲ್ಲಿ ಸಲ್ಲಿಕೆಯಾಗಿ ನಾಲ್ಕೂವರೆ ವರ್ಷ ಸರ್ಕಾರದ ಕಪಾಟಿನಲ್ಲಿದ್ದದ್ದು, ಹಲವು ಪುಟಗಳನ್ನು ಕಳೆದುಕೊಂಡು ಬೆಳಕು ಕಂಡಿತು. ಮಾತನಾಡಿದ ನಟಿಯರಿಗೆ ಮತ್ತದೇ ‘ಈಗೇಕೆ’ ಎದುರಾದಾಗ ಖುಷ್ಬೂ ತಮ್ಮದೇ ಉದಾಹರಣೆ ಕೊಟ್ಟು, ಇಂದು ಮಾತನಾಡಿದರೂ ನಾಳೆ ಮಾತನಾಡಿದರೂ ಸರಿ, ಮಾತನಾಡಿ ಎಂದು ಬರೆದರು. ಸೆಪ್ಟೆಂಬರ್‌ನಲ್ಲಿ ಕನ್ನಡ ಚಿತ್ರರಂಗದ ‘ಫೈರ್’ ಸಂಘಟನೆ ಇಲ್ಲಿಯೂ ಅಂಥದ್ದೊಂದು ಸಮಿತಿ ಬೇಕೆಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರಿಗೆ ಮನವಿ ಸಲ್ಲಿಸಿತು.

ಈ ಎಲ್ಲ ಚರ್ಚೆ ವಯಸ್ಕ ನಟಿಯರ ಸುತ್ತಲೇ ನಡೆಯುತ್ತಿದೆ. ಬಾಲನಟಿಯರ ವಿಷಯ ಯಾರ ಬಾಯಲ್ಲೂ ಇಲ್ಲ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಾದ ತಿದ್ದುಪಡಿ ಮತ್ತು 2017ರ ನಿಯಮಗಳು ಒಳ್ಳೆಯ ಕೆಲಸವನ್ನೇ ಮಾಡಿವೆ: ಚಿತ್ರೀಕರಣಕ್ಕೆ ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು, ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಸತತ 27 ದಿನ ಮೀರುವಂತಿಲ್ಲ, ಸಂಭಾವನೆಯ ಶೇ 20ರಷ್ಟಾದರೂ ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನ ನಿಶ್ಚಿತ ಠೇವಣಿಯಾಗಬೇಕು. ಆದರೆ ಆ ಕಾಯ್ದೆಯಲ್ಲಿ ಮಗು ಎಂದರೆ 14 ತುಂಬದವರು. ಹದಿನೈದರಲ್ಲಿ ನಾಯಕಿಯಾಗುವ ಹುಡುಗಿಗೆ ಆ ಐದು ಗಂಟೆಯ ಮಿತಿಯೂ ಇಲ್ಲ, ಠೇವಣಿಯೂ ಇಲ್ಲ. ಇನ್ನು ಹದಿನಾಲ್ಕರೊಳಗಿನ ಮಗುವಿನ ಇಚ್ಛೆಗೆ ವಿರುದ್ಧವಾಗಿ ನಟನೆಗೆ ಹಚ್ಚುವಂತಿಲ್ಲ ಎಂದು ನಿಯಮ ಹೇಳುತ್ತದೆ; ನಿರ್ಮಾಪಕರು ಸಲ್ಲಿಸುವ ಅರ್ಜಿಗೆ ಸಹಿ ಬೀಳುವುದು ಮಾತ್ರ ಹೆತ್ತವರದು ಅಥವಾ ಪೋಷಕರದು. ಖುಷ್ಬೂ ಮತ್ತು ಡೇಸಿ ಇರಾನಿ ಪ್ರಕರಣಗಳಲ್ಲಿ ಅಪಾಯ ಇದ್ದದ್ದು ಆ ಸಹಿ ಹಾಕುವ, ಜೊತೆಗೆ ಹೋಗುವ ಕೈಗಳಲ್ಲೇ. ಅನುಮತಿ ಕೊಡುವ ಮುನ್ನ ಮತ್ತು ಚಿತ್ರೀಕರಣದ ನಡುವೆ ಒಮ್ಮೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಅಧಿಕಾರಿಯೊಬ್ಬರು ಹೆತ್ತವರನ್ನೂ ನಿರ್ಮಾಪಕರನ್ನೂ ಹೊರಗೆ ನಿಲ್ಲಿಸಿ ಮಗುವಿನ ಜೊತೆ ಮಾತನಾಡುವುದನ್ನು ಕಡ್ಡಾಯ ಮಾಡಬೇಕು. ಈ ರಕ್ಷಣೆ 18ರವರೆಗೂ ವಿಸ್ತರಿಸಬೇಕು. ಇದಕ್ಕೆ ಹೊಸ ಸಮಿತಿಯಾಗಲಿ ಆಯೋಗವಾಗಲಿ ಬೇಕಿಲ್ಲ, ಕಾಯ್ದೆಗೊಂದು ತಿದ್ದುಪಡಿ ಮತ್ತು ಜಿಲ್ಲಾ ಕಚೇರಿಗಳಿಗೊಂದು ಸ್ಪಷ್ಟ ಆದೇಶ ಸಾಕು.